ಕೊಲಂಬೊದಲ್ಲಿ ನಾನು ಓದದ ಪುಟ

ಕೊಲ್ಹಾಪುರ

ನಾನು ಹುಟ್ಟಿದ್ದು ನೇಸರಿಯಲ್ಲಿ, ವಕೀಲಿ ಮಾಡುವುದು ಗಡಹಿಂಗ್ಲಜದಲ್ಲಿ. ನಲವತ್ತು ದಾಟುವ ತನಕ ನಾನು ಕಂಡ ದೊಡ್ಡ ನೀರೆಂದರೆ ಮಳೆಗಾಲದ ಹಿರಣ್ಯಕೇಶಿ. ಅಂಥವನು ಸಮುದ್ರ ದಾಟಿ ಸಿಂಹಳಕ್ಕೆ ಹೋಗಿ ಬಂದದ್ದು ನಮ್ಮ ಕಡೆ ಸಣ್ಣ ಸುದ್ದಿಯಲ್ಲ. ನಾಲ್ಕು ವರ್ಷ ಕಳೆದರೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು ಲಂಕೆ ಹೇಗಿದೆ ಎಂದು ಕೇಳುತ್ತಾರೆ. ಚಲೋ ಐತಿ ಎಂದು ಹೇಳಿ ಬಸ್ ಹತ್ತುತ್ತೇನೆ. ಬಸ್ಸಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನನ್ನು ಕಳಿಸಿದವರು ಕೊಲ್ಹಾಪುರದ ಹಿರಿಯ ವಕೀಲರು. ಎಲ್ಲರೂ ಅವರನ್ನು ಬಾಪೂಸಾಹೇಬರು ಎನ್ನುತ್ತಿದ್ದರು. ಸರಕಾರಗಳು ತಮ್ಮ ಪ್ರಜೆಗಳ ಮೇಲೆ ಮಾಡುವ ಅನ್ಯಾಯಕ್ಕೆ ಉತ್ತರ ಹೇಳುವಂತೆ ಮಾಡುವುದು ಹೇಗೆ ಎಂದು ಚರ್ಚಿಸಲು ಏಷ್ಯಾದ ಹಲವು ದೇಶಗಳ ವಕೀಲರು ಕೊಲಂಬೊದಲ್ಲಿ ಐದು ದಿನ ಸೇರುವವರಿದ್ದರು. ನಮ್ಮ ದೇಶದ ತಂಡಕ್ಕೆ ಬಾಪೂಸಾಹೇಬರೇ ಮುಖ್ಯಸ್ಥರು. ದೊಡ್ಡ ಊರುಗಳ ವಕೀಲರ ನಡುವೆ ತಾಲ್ಲೂಕು ಕೋರ್ಟಿನವನೂ ಒಬ್ಬನಿರಲಿ ಎಂದು ನನ್ನ ಹೆಸರು ಸೇರಿಸಿದರು. ಏನಾದರೂ ಒಂದು ಪ್ರಬಂಧ ಓದಬೇಕು ಎಂದರು. ನನಗೆ ವಿಷಯ ಹುಡುಕುವ ಕಷ್ಟವಿರಲಿಲ್ಲ. ಎರಡು ವರ್ಷದಿಂದ ಕೊರೋಚಿಯ ಬೀರಪ್ಪನ ಕಾಗದಗಳು ನನ್ನ ಮೇಜಿನ ಮೇಲೆಯೇ ಇದ್ದವು.

ಬೀರಪ್ಪ ಕುರಿ ಕಾಯುವ ಮನೆತನದವನು. ಕುರಿ ಮಾರಿ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕೆ ಸೇರಿದ್ದ. ಶೆಡ್ಡಿನಿಂದ ಎರಡು ಪೆಟ್ಟಿಗೆ ನೂಲು ಕಾಣೆಯಾಯಿತು ಎಂದು ಪೊಲೀಸರು ಅವನನ್ನು ವಿಚಾರಿಸಲು ಕರೆದೊಯ್ದರು. ಯಾವ ಠಾಣೆ ಎಂದು ಇಲ್ಲಿ ಬರೆಯುವುದಿಲ್ಲ. ನಾಲ್ಕನೆಯ ದಿನ, ಹೊಟ್ಟೆನೋವು ಬಂದು ಸತ್ತ ಎಂದು ಹೆಣ ಕೊಟ್ಟರು. ಮೈ ತೊಳೆಯುವಾಗ ಅವನ ಹೆಂಡತಿ ಲಗಮವ್ವ ಅಂಗಾಲು ನೋಡಿದಳು. ಎರಡೂ ಬಾತು ಕಪ್ಪಗಾಗಿದ್ದವು. ಹದಿನೈದು ದಿನದ ಮೇಲೆ ಆ ಎರಡೂ ಪೆಟ್ಟಿಗೆ ಅದೇ ಶೆಡ್ಡಿನ ಅಟ್ಟದ ಮೇಲೆ ಸಿಕ್ಕವು.

ಲಗಮವ್ವನ ತವರು ನೇಸರಿ. ನಮ್ಮ ಓಣಿಯಲ್ಲೇ ಬೆಳೆದ ಹುಡುಗಿ, ನನ್ನನ್ನು ಅಣ್ಣಾ ಎನ್ನುತ್ತಿದ್ದಳು. ಆ ನಂಟಿನಿಂದ ನನ್ನ ಬಳಿ ಬಂದಳು. ಅರ್ಜಿಯ ಮೇಲೆ ಅರ್ಜಿ ಬರೆದೆ. ಚೌಕಶಿ, ಎಂದರೆ ವಿಚಾರಣೆ, ನಡೆದಿದೆ ಎಂಬ ಒಂದೇ ಸಾಲಿನ ಉತ್ತರ, ಬೇರೆ ಬೇರೆ ಅಧಿಕಾರಿಗಳ ಸಹಿಯಲ್ಲಿ, ಮರಾಠಿಯಲ್ಲಿ ಬರುತ್ತಿತ್ತು. ಅದನ್ನು ನಾನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಅವಳು ಪ್ರತಿಸಲವೂ ಮೊದಲ ಸಲ ಕೇಳಿದಂತೆ ಕೇಳುತ್ತಿದ್ದಳು.

ನಾನು ಹೊರಡುವ ದಿನ ಕೊಲ್ಹಾಪುರದ ಸ್ಟೇಷನ್ನಿಗೆ ಬಂದಳು. ಕೊರೋಚಿಯಿಂದ ಬಸ್ಸಿಗೆ ಬಂದಿದ್ದಳು. ಬಟ್ಟೆಯಲ್ಲಿ ಕಟ್ಟಿದ ಒಣಗಿಸಿದ ಕಟಕ ರೊಟ್ಟಿ, ಡಬ್ಬಿ ತುಂಬ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕೊಟ್ಟಳು. ಬಾಪೂಸಾಹೇಬರು ಮೊದಲ ದರ್ಜೆಯ ಡಬ್ಬಿಯ ಕಿಟಕಿಯಿಂದ ನೋಡುತ್ತಿದ್ದರು. ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು:

"ಅಣ್ಣಾ, ಅಲ್ಲೆ ನಮ್ಮವರ ಹೆಸರು ಹೇಳ್ರಿ. ಇಲ್ಲೆ ಯಾರೂ ಬರಕೊಳ್ಳವಲ್ರು."

ಹೇಳುತ್ತೇನೆ ಎಂದೆ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ.

ಮಂಡಪಂ

ಮಿರಜ, ಬೆಂಗಳೂರು, ಮದ್ರಾಸು ಎಂದು ಗಾಡಿ ಬದಲಿಸುತ್ತ ಹೋಗಿ, ಸಮುದ್ರದ ದಡದ ಮಂಡಪಂನಲ್ಲಿ ಇಳಿದೆವು. ಸಿಂಹಳಕ್ಕೆ ಹೋಗುವವರ ಮೈ ಪರೀಕ್ಷೆ ಇಲ್ಲಿ ನಡೆಯುತ್ತಿತ್ತು. ನಮಗೆ ಬೇರೆ ಕೋಣೆ, ಬೇರೆ ಡಾಕ್ಟರು. ಅವರು ನಮ್ಮ ಸಿಡುಬಿನ ದೇವಿ ಹಾಕಿಸಿಕೊಂಡ ಕಾಗದವನ್ನು ನೋಡಿ ಚಹ ಕೊಟ್ಟರು. ಹೊರಗೆ ತಂತಿ ಬೇಲಿಯ ಆಚೆ ಚಹದ ತೋಟದ ಕೂಲಿಗಳ ಸಾಲು. ಊರಿಗೆ ಬಂದು ತಿರುಗಿ ಹೊರಟವರು. ಅವರ ಗಂಟುಮೂಟೆ ಬಿಚ್ಚಿಸಿ, ತಲೆ ಬಗ್ಗಿಸಿ, ನಾಲಿಗೆ ಚಾಚಿಸಿ ನೋಡುತ್ತಿದ್ದರು. ನಮ್ಮ ಗಡಹಿಂಗ್ಲಜದ ದನದ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವನೂ ಮೊದಲು ಎತ್ತಿನ ಬೆನ್ನು ತಟ್ಟುತ್ತಾನೆ. ಇಲ್ಲಿ ಅಷ್ಟೂ ಇರಲಿಲ್ಲ.

ಇದನ್ನು ಬಾಪೂಸಾಹೇಬರಿಗೆ ಹೇಳಿದೆ. ಅವರು ಚಹ ಊದುತ್ತ, ಇದನ್ನು ಪ್ರಬಂಧದಲ್ಲಿ ಸೇರಿಸಬೇಡಿ, ಈ ಕ್ಯಾಂಪು ನಮ್ಮ ನೆಲದ ಮೇಲಿದೆ ಎಂದರು.

ತಲೈಮನ್ನಾರ್

ಧನುಷ್ಕೋಡಿಯಿಂದ ಸ್ಟೀಮರಿನಲ್ಲಿ ಕೆಲವೇ ಗಂಟೆ. ಅಷ್ಟರಲ್ಲಿ ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಸಮುದ್ರಕ್ಕೆ ಸೇರಿತು. ಆಚೆ ದಡದಲ್ಲಿ ಸುಂಕದವನು ನನ್ನ ಡಬ್ಬಿ ತೆರೆದು ಶೇಂಗಾ ಹಿಂಡಿಯನ್ನು ಬಹಳ ಹೊತ್ತು ನೋಡಿದ. ಕೆಂಪು ಪುಡಿ, ಘಾಟು ವಾಸನೆ. ಇದು ಏನು ಮದ್ದು ಎಂದು ಕೇಳಿದ. ತಿನ್ನುವುದು ಎಂದೆ. ನಂಬಲಿಲ್ಲ. ಹಾಗಾದರೆ ತಿಂದು ತೋರಿಸು ಎಂದ. ಹೊಟ್ಟೆ ತೊಳಸುತ್ತಿದ್ದವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಆಮೇಲೆ ಅವನೂ ಹಾಕಿಕೊಂಡ. ಕಣ್ಣಲ್ಲಿ ನೀರು ಬಂತು, ಕೆಮ್ಮಿದ, ಇನ್ನೊಂದು ಚಿಟಿಕೆ ಕೇಳಿದ. ಕಾಗದದಲ್ಲಿ ಕಟ್ಟಿಕೊಟ್ಟೆ. ಲಗಮವ್ವನ ಅಡಿಗೆಯ ಕೈಗೆ ಪರದೇಶದಲ್ಲಿ ಸಿಕ್ಕ ಮರ್ಯಾದೆ ಅದೊಂದೇ.

ಕೊಲಂಬೊ, ಮೊದಲ ದಿನ

ನಮ್ಮನ್ನು ಒಂದು ಹಾಸ್ಟೆಲಿನಲ್ಲಿ ಇಳಿಸಿದರು, ಒಂದೊಂದು ಕೋಣೆಗೆ ಇಬ್ಬರು. ನನ್ನ ಪಾಲಿಗೆ ಬಂದವನು ಬರ್ಮಾದ ವಕೀಲ ಬಾ ಚಿತ್. ಮೂವತ್ತೈದರ ಆಸುಪಾಸಿನ ತೆಳ್ಳಗಿನ ಮನುಷ್ಯ. ಮಂಚ ಬಿಟ್ಟು ನೆಲದ ಮೇಲೆ ಮಲಗುತ್ತಿದ್ದ. ಪ್ರತಿ ಸಂಜೆ ತನ್ನ ಲುಂಗಿ ತಾನೇ ಒಗೆದು, ಗೆರೆ ಬೀಳದಂತೆ ಎಳೆದೆಳೆದು ಕಿಟಕಿಗೆ ಹರವುತ್ತಿದ್ದ. ಅವನ ಪೆಟ್ಟಿಗೆಯಲ್ಲಿ ಒಣಮೀನಿನ ಒಂದು ಗೊಜ್ಜು ಇತ್ತು. ಲಿಂಗ ಕಟ್ಟಿಕೊಂಡ ಮನೆಯಲ್ಲಿ ಹುಟ್ಟಿದ ನನಗೆ ಅದರ ವಾಸನೆಗೆ ತಲೆ ತಿರುಗಿತು. ನನ್ನ ಹಿಂಡಿಯ ಬೆಳ್ಳುಳ್ಳಿಗೆ ಅವನಿಗೂ ಹಾಗೇ ಆಗಿರಬೇಕು. ಎರಡು ದಿನ ಇಬ್ಬರೂ ಹೇಳಿಕೊಳ್ಳಲಿಲ್ಲ. ಮೂರನೆಯ ದಿನ ಎರಡೂ ಡಬ್ಬಿಗಳನ್ನು ಜಗಲಿಯ ಮೇಲೆ ಇಟ್ಟು ನಕ್ಕೆವು.

ಊರು ನೋಡಲು ನನಗೆ ಇಷ್ಟವಾಯಿತು. ಬಸ್ಸಿಗೆ ಜನ ಸಾಲಾಗಿ ನಿಲ್ಲುತ್ತಾರೆ. ನಮ್ಮ ಕಡೆಯಂತೆ ಕಿಟಕಿಯಿಂದ ಟವೆಲು ಎಸೆದು ಜಾಗ ಹಿಡಿಯುವುದಿಲ್ಲ. ಬೆಳಿಗ್ಗೆ ಅಕ್ಕಿಹಿಟ್ಟಿನ ಒತ್ತುಶಾವಿಗೆಯ ಜೊತೆ ಕೊಬ್ಬರಿಯ ಕೆಂಪು ಚಟ್ನಿ ಕೊಡುತ್ತಾರೆ. ನಮ್ಮಲ್ಲಿ ಶಾವಿಗೆಗೆ ಬೆಲ್ಲ, ತುಪ್ಪ, ಹಾಲು. ಇಲ್ಲಿ ಅದೇ ಶಾವಿಗೆ ಖಾರದ್ದು. ಮೊದಲ ತುತ್ತಿಗೆ ಮೋಸ ಹೋದಂತಾಯಿತು, ನಾಲ್ಕನೆಯ ತುತ್ತಿಗೆ ರೂಢಿಯಾಯಿತು.

ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ. ಬಾ ಚಿತ್ ತನ್ನ ಕತೆಯನ್ನು ಒಂದೇ ಸಲ ಹೇಳಲಿಲ್ಲ. ಬರ್ಮಾದಲ್ಲಿ ಆಗ ಸೈನ್ಯದವರ ಆಡಳಿತ. ಅವನ ಅಕ್ಕನ ಗಂಡನೂ ವಕೀಲ. ಹಿಡಿದಿಟ್ಟ ವಿದ್ಯಾರ್ಥಿಗಳ ಪರವಾಗಿ ಕೋರ್ಟಿನಲ್ಲಿ ನಿಂತಿದ್ದಕ್ಕೆ ಅವನನ್ನೂ ಹಿಡಿದಿಟ್ಟರು. ಯಾವ ಆರೋಪ ಎಂದು ಹೇಳಲಿಲ್ಲ. ಅಕ್ಕ ವಾರಕ್ಕೊಮ್ಮೆ ಜೈಲಿನ ಬಾಗಿಲಿಗೆ ಅನ್ನದ ಡಬ್ಬಿ ಒಯ್ದು ಕೊಡುತ್ತಾಳೆ. ಮರುವಾರ ಡಬ್ಬಿ ಖಾಲಿಯಾಗಿ ಬಂದರೆ ಗಂಡ ಬದುಕಿದ್ದಾನೆ ಎಂದು ತಿಳಿಯಬೇಕು. ಅದು ಬಿಟ್ಟು ಬೇರೆ ಸುದ್ದಿಯಿಲ್ಲ.

ನಾನು ಬೀರಪ್ಪನ ವಿಷಯ ಹೇಳಿದೆ. ಅಂಗಾಲಿನ ಮಾತು ಬಂದಾಗ ಅವನು ಪೆನ್ಸಿಲು ತೆಗೆದು ತನ್ನ ವಹಿಯಲ್ಲಿ ಬರೆದುಕೊಂಡ. ಹೆಸರಿನ ಉಚ್ಚಾರ ಸರಿಯೇ ಎಂದು ಎರಡು ಸಲ ಕೇಳಿದ.

ಚಹದ ಬೆಟ್ಟ

ಮೂರನೆಯ ದಿನ ನಮ್ಮನ್ನೆಲ್ಲ ಬಸ್ಸಿನಲ್ಲಿ ಹ್ಯಾಟನ್ ಕಡೆಯ ಬೆಟ್ಟಕ್ಕೆ ಕರೆದೊಯ್ದರು. ತಂಪು ಗಾಳಿ, ಕತ್ತರಿಸಿ ಇಟ್ಟಂತೆ ಹಸುರು. ತೋಟದ ಬಂಗಲೆಯಲ್ಲಿ ಒಳ್ಳೆಯ ಚಹ ಕುಡಿಸಿದರು. ಕೆಲವರು ಕೂಲಿಗಳ ಮನೆ ನೋಡುತ್ತೇವೆ ಎಂದು ಹಟ ಹಿಡಿದಾಗ ಕೆಳಗೆ ಒಯ್ದರು. ಒಂದೇ ಉದ್ದ ಸೂರಿನ ಕೆಳಗೆ ಸಾಲು ಕೋಣೆಗಳು, ಒಂದು ಕೋಣೆಗೆ ಒಂದು ಸಂಸಾರ. ಇಚಲಕರಂಜಿಯ ಮಗ್ಗದವರ ಚಾಳುಗಳನ್ನು ಕಂಡ ನನಗೆ ಕೋಣೆ ಹೊಸದಲ್ಲ. ಹೊಸದಾಗಿ ಕಂಡದ್ದು ಒಂದು ಕಾಗದ.

ಒಬ್ಬ ವಯಸ್ಸಾದ ಹೆಂಗಸು ಅದನ್ನು ಹಳೆಯ ಬಿಸ್ಕೀಟಿನ ಡಬ್ಬಿಯಿಂದ ತೆಗೆದಳು. ತಮಿಳು ಬಲ್ಲ ನಮ್ಮ ತಂಡದವರೊಬ್ಬರು ಅರ್ಥ ಹೇಳಿದರು. ಅವಳು ಇಲ್ಲೇ ಹುಟ್ಟಿದವಳು, ಅವಳ ತಾಯಿಯೂ ಇಲ್ಲೇ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಆದ ಕಾನೂನಿನಿಂದ ಅವಳು ಈ ದೇಶದ ಪ್ರಜೆಯಲ್ಲ. ಪ್ರಜೆಯಾಗಲು ಹಾಕಿದ ಅರ್ಜಿಗೆ ಒಪ್ಪಿಗೆ ಸಿಕ್ಕಿಲ್ಲ ಎಂಬ ಕಾಗದ ಅದು. ಇಂಡಿಯಾದ ಪ್ರಜೆಯೂ ಅವಳಲ್ಲ. ನಾವು ಇಂಡಿಯಾದವರು ಎಂದು ತಿಳಿದು, ತಾವು ಇಲ್ಲಿರುವುದು ನಮ್ಮ ಸರಕಾರಕ್ಕೆ ಗೊತ್ತಿದೆಯೇ ಎಂದು ಕೇಳಿದಳು. ಬಾಪೂಸಾಹೇಬರು ಗೊತ್ತಿದೆ ಎಂದರು. ಅರ್ಥ ಹೇಳುವವರು ಆ ಉತ್ತರವನ್ನು ಅವಳ ಮುಖ ನೋಡದೆ ಹೇಳಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಜೋರು ಚರ್ಚೆ ನಡೆಯಿತು. ನಮ್ಮವರು ಸಿಂಹಳದ ಸರಕಾರವನ್ನು ಬೈದರು. ಸಿಂಹಳದವರು, ತನ್ನ ಜನವನ್ನು ಕೈಬಿಟ್ಟದ್ದು ಇಂಡಿಯಾ ಎಂದರು. ಬೇರೆ ದೇಶದವರು ಇಬ್ಬರಿಗೂ ಬುದ್ಧಿ ಹೇಳಿದರು. ಬಸ್ಸಿನಲ್ಲಿದ್ದ ಯಾರೂ ತಮ್ಮ ಸರಕಾರದ ವಿಷಯ ಎತ್ತಲಿಲ್ಲ. ಹಿಂದಿನ ಸೀಟಿನಲ್ಲಿ ಬಾ ಚಿತ್ ಕಣ್ಣುಮುಚ್ಚಿ ಕೂತಿದ್ದ. ನಿದ್ದೆ ಮಾಡುತ್ತಿರಲಿಲ್ಲ.

ಕೊಲಂಬೊ, ನಾಲ್ಕನೆಯ ದಿನ

ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಸರದಿ. ತಿಂಡಿಯ ಹೊತ್ತಿಗೆ ಬಾಪೂಸಾಹೇಬರು ನನ್ನನ್ನು ಮೂಲೆಯ ಮೇಜಿಗೆ ಕರೆದರು. ನನ್ನ ಪ್ರಬಂಧ ಅವರ ಕೈಯಲ್ಲಿತ್ತು. ಒಂಬತ್ತು ಪುಟದಲ್ಲಿ ಏಳನೆಯದನ್ನು ಮಡಚಿ ಹಿಡಿದಿದ್ದರು.

"ಹೆ ಬಘಾ ವಕೀಲ," ಇಲ್ಲಿ ನೋಡಿ ವಕೀಲರೇ ಎಂದು ಮರಾಠಿಯಲ್ಲಿ ಶುರುಮಾಡಿ ಕನ್ನಡಕ್ಕೆ ಬಂದರು. "ಚೀನಾದ ಯುದ್ಧ ಆಗಿ ಇನ್ನ ವರ್ಷ ಆಗಿಲ್ಲ. ದೇಶದಾಗ ಇನ್ನೂ ತುರ್ತು ಪರಿಸ್ಥಿತಿ ಐತಿ. ಇಲ್ಲಿ ಪತ್ರಿಕೆಯವರು ಕುಂತಾರ. ನಮ್ಮ ಲಾಕಪ್ಪಿನಾಗ ಮನಿಶ್ಯಾನ ಹೊಡದು ಕೊಲ್ಲತಾರ ಅಂತ ನೀವು ಹೇಳಿದ್ರ, ನಾಳೆ ಅದನ್ನ ಯಾರ‍್ಯಾರು ಬಳಸತಾರ ವಿಚಾರ ಮಾಡ್ರಿ."

ಆದದ್ದು ನಿಜವಲ್ಲವೇ ಎಂದೆ.

ನಿಜ ಎಂದು ಅವರೇ ಒಪ್ಪಿದರು. ಅವರು ಕೆಟ್ಟ ಮನುಷ್ಯರಲ್ಲ. ಬ್ರಿಟಿಷರ ಕಾಲದಲ್ಲಿ ಜೈಲಿಗೆ ಹೋಗಿ ಬಂದವರು. ಬೀರಪ್ಪನ ಕಾಗದಗಳನ್ನು ತಾವೇ ಮುಂಬಯಿಗೆ ಒಯ್ದು ಮಂತ್ರಿಗಳ ಕೈಗೆ ಕೊಡುವುದಾಗಿ ಹೇಳಿದರು. ಇಲ್ಲಿ ಓದಿದರೆ ಸಿಕ್ಕುವುದು ಚಪ್ಪಾಳೆ, ಅಲ್ಲಿ ಕೊಟ್ಟರೆ ಸಿಕ್ಕುವುದು ಚೌಕಶಿ, ಯಾವುದು ಬೇಕು ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿ, ಗಡಹಿಂಗ್ಲಜಕ್ಕೆ ಸರಕಾರಿ ವಕೀಲರ ನೇಮಕ ಆಗುವುದಿದೆ, ಅದಕ್ಕೆ ನಿಮ್ಮ ಹೆಸರೂ ಕೇಳಿಬಂದಿದೆ ಎಂದರು. ಎರಡೂ ಮಾತನ್ನು ಒಂದಕ್ಕೊಂದು ಸೇರಿಸಲಿಲ್ಲ. ಸೇರಿಸುವ ಕೆಲಸ ನನಗೆ ಬಿಟ್ಟರು.

ನಾನು ಏಳನೆಯ ಪುಟ ತೆಗೆದು ಕೋಟಿನ ಒಳಜೇಬಿಗೆ ಇಟ್ಟುಕೊಂಡೆ.

ಆ ದಿನಕ್ಕೆಂದೇ ಹೊಸ ಕೊಲ್ಹಾಪುರಿ ಚಪ್ಪಲಿ ಹಾಕಿದ್ದೆ. ಸಭೆ ನಿಶ್ಶಬ್ದವಾಗಿತ್ತು. ಕಲ್ಲಿನ ನೆಲದ ಮೇಲೆ ಚಪ್ಪಲಿ ಕರ್ ಕರ್ ಎನ್ನುತ್ತ, ಎಲ್ಲರೂ ತಿರುಗಿ ನೋಡುವಂತೆ ನಾನು ವೇದಿಕೆಗೆ ನಡೆದೆ. ಎಂಟು ಪುಟ ಓದಿದೆ. ನಮ್ಮ ಸಂವಿಧಾನದಲ್ಲಿ ಪ್ರಜೆಗೆ ಇರುವ ಹಕ್ಕುಗಳು, ಅವುಗಳನ್ನು ಕಾಯುವ ಕೋರ್ಟುಗಳು. ಆರರಿಂದ ಎಂಟಕ್ಕೆ ಹಾರಿದ್ದು ಯಾರಿಗೂ ತಿಳಿಯಲಿಲ್ಲ. ಜೋರಾಗಿ ಚಪ್ಪಾಳೆ ಬಿತ್ತು. ಬಾಪೂಸಾಹೇಬರು ಎದ್ದು ನಿಂತು ತಟ್ಟಿದರು. ಮೂರನೆಯ ಸಾಲಿನಲ್ಲಿದ್ದ ಬಾ ಚಿತ್ ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ. ಇನ್ನೂ ಒಂದು ಪುಟ ಇದೆ ಎಂದು ಕಾಯುವವನ ಹಾಗೆ ಇತ್ತು.

ಮಧ್ಯಾಹ್ನ ಅವನ ಸರದಿ. ಅವನ ತಂಡದ ಹಿರಿಯನೂ ಏನೋ ಹೇಳಿರಬೇಕು, ಊಟದ ಹೊತ್ತಿಗೆ ಇಬ್ಬರೂ ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದರು. ಬಾ ಚಿತ್ ವೇದಿಕೆಗೆ ಹೋಗಿ, ಕಾಗದ ಬಿಚ್ಚದೆ, ಅಕ್ಕನ ಗಂಡನ ಹೆಸರು ಹೇಳಿದ. ಜೊತೆಗೆ ಹಿಡಿದಿಟ್ಟ ವಿದ್ಯಾರ್ಥಿಗಳಲ್ಲಿ ತನಗೆ ತಿಳಿದವರ ಹೆಸರುಗಳನ್ನೆಲ್ಲ ಹೇಳಿದ. ಡಬ್ಬಿಯ ವಿಷಯ ಹೇಳಿದ. ಹತ್ತು ನಿಮಿಷವೂ ಆಗಲಿಲ್ಲ. ಅವನ ಹಿರಿಯ ಅರ್ಧಕ್ಕೇ ಎದ್ದು ಹೋಗಿದ್ದ. ಚಪ್ಪಾಳೆ ಹೊಡೆಯುವುದೋ ಬೇಡವೋ ಎಂದು ಸಭೆಗೆ ತಿಳಿಯಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿ ಮುಂದಿನವರ ಹೆಸರು ಕರೆದರು.

ಗಾಲ್ ಫೇಸ್

ಸಂಜೆ ನಾವಿಬ್ಬರೂ ಸಮುದ್ರದ ದಂಡೆಯ ಗಾಲ್ ಫೇಸ್ ಮೈದಾನಕ್ಕೆ ಹೋದೆವು. ಜನ ಗಾಳಿಪಟ ಹಾರಿಸುತ್ತಿದ್ದರು, ಬಂಡಿಗಳ ಮೇಲೆ ಕಡಲೆ ಹುರಿಯುತ್ತಿದ್ದರು. ನೀನು ಇನ್ನು ಊರಿಗೆ ಹೋಗುತ್ತೀಯಾ ಎಂದು ಕೇಳಿದೆ. ಹೋಗುತ್ತೇನೆ ಎಂದ. ಇಲ್ಲೇ ಯಾರಾದರೂ ಆಸರೆ ಕೊಡುತ್ತಾರಲ್ಲ ಎಂದೆ. ಅಕ್ಕನ ಜೊತೆ ಡಬ್ಬಿ ಹಿಡಿದು ನಿಲ್ಲಲು ಒಬ್ಬರು ಬೇಕು ಎಂದ.

ಸ್ವಲ್ಪ ದೂರ ನಡೆದ ಮೇಲೆ ನಿಂತ.

"ನಿನಗೆ ಕೋರ್ಟು ಇದೆ, ಪತ್ರಿಕೆ ಇದೆ, ಚುನಾವಣೆ ಇದೆ. ಆ ಹೆಸರು ಹೇಳಿದ್ದರೆ ನಿನ್ನನ್ನು ಯಾರೂ ಜೈಲಿಗೆ ಹಾಕುತ್ತಿರಲಿಲ್ಲ. ನೀನು ಹೆದರಿದ್ದು ಯಾವುದಕ್ಕೆ?"

ಚುಚ್ಚಲು ಕೇಳಿದ ಮಾತಲ್ಲ. ನಿಜಕ್ಕೂ ಅವನಿಗೆ ತಿಳಿಯಬೇಕಾಗಿತ್ತು. ಬಾಪೂಸಾಹೇಬರು ಕೊಟ್ಟ ಕಾರಣಗಳನ್ನು ಒಂದೊಂದಾಗಿ ಹೇಳಿದೆ, ದೇಶದ ಮಾನ, ಯುದ್ಧ, ಮಂತ್ರಿಗಳು. ನೇಮಕದ ಮಾತು ಹೇಳಲಿಲ್ಲ. ಅವನು ತಲೆದೂಗಿದ. ನಮ್ಮ ತಂಡದ ಹಿರಿಯರೂ ಇದನ್ನೇ, ಇದೇ ಮಾತುಗಳಲ್ಲಿ ಹೇಳಿದರು ಎಂದ.

ಹೊರಡುವ ದಿನ ತನ್ನ ವಿಳಾಸ ಬರೆದುಕೊಟ್ಟ. ಊರಿಗೆ ಬಂದು ಮೂರು ಪತ್ರ ಬರೆದೆ. ಎರಡಕ್ಕೆ ಉತ್ತರವಿಲ್ಲ. ಮೂರನೆಯದು ಒಡೆಯದೆ ತಿರುಗಿ ಬಂತು. ಈ ವಿಳಾಸದಲ್ಲಿ ಇಲ್ಲ ಎಂದು ಮುದ್ರೆ ಒತ್ತಿದ್ದರು. ಆಮೇಲೆ ಏನಾದನೋ ನನಗೆ ಗೊತ್ತಿಲ್ಲ.

ಗಡಹಿಂಗ್ಲಜ

ಊರಿಗೆ ಬಂದ ಎಂಟನೆಯ ದಿನ ವಾಚನಾಲಯದಲ್ಲಿ ನನಗೆ ಸತ್ಕಾರ ಇಟ್ಟರು. ಪರದೇಶಕ್ಕೆ ಹೋಗಿ ಬಂದ ತಾಲ್ಲೂಕಿನ ವಕೀಲ ಎಂದು ಹಾರ, ಶಾಲು, ತೆಂಗಿನಕಾಯಿ. ವ್ಯಾಪಾರಿಗಳು, ಮಾಸ್ತರರು, ಕೋರ್ಟಿನವರು ತುಂಬಿದ್ದರು. ಮಾತಾಡಿ ಎಂದರು. ನಾನು ಸಮುದ್ರ, ಸ್ಟೀಮರು, ಖಾರದ ಶಾವಿಗೆ, ಬಸ್ಸಿಗೆ ಸಾಲು ನಿಲ್ಲುವ ಜನ, ಹಿಂಡಿ ತಿಂದು ಕೆಮ್ಮಿದ ಸುಂಕದವನು, ಎಲ್ಲ ಹೇಳಿದೆ. ಜನ ಹೊಟ್ಟೆ ಹಿಡಿದು ನಕ್ಕರು.

ಸಭೆ ಮುಗಿದಾಗ ಹೆಂಗಸರು ಕೂತ ಕಡೆಯಿಂದ ಲಗಮವ್ವ ಎದ್ದು ಬಂದಳು. ಯಾರೋ ಹೇಳಿದ್ದನ್ನು ಕೇಳಿ ಕೊರೋಚಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಭಾಷಣ ಪೂರ್ತಿ ಕೇಳಿದ್ದಳು.

"ಅಣ್ಣಾ, ನಮ್ಮವರ ಹೆಸರು ಅಲ್ಲೆ ಹೇಳಿದ್ರ್ಯಾ?"

ಹೇಳಿದೆ ಎನ್ನಬಹುದಾಗಿತ್ತು. ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಬಾಯಿ ತೆರೆದದ್ದೂ ಅದಕ್ಕೇ. ಏಕೋ ಇಲ್ಲ ಎಂಬ ಮಾತು ಬಂತು.

"ಯಾಕ್ರಿ?"

"ಬಾಪೂಸಾಹೇಬ್ರು ಬ್ಯಾಡ ಅಂದ್ರವ್ವ. ಮುಂಬಯಿದಾಗ ಮಂತ್ರಿಗೋಳ ಮುಂದ ಇಡತೇನಿ ಅಂದಾರ."

"ಅವರು ಬ್ಯಾಡ ಅಂದ್ರು. ನಿಮಗ ಏನ ಅನಿಸ್ತ್ರಿ?"

ಶಾಲು ಹೊದ್ದುಕೊಂಡೇ ನಿಂತಿದ್ದೆ. ಹಿಂದಿನಿಂದ ಯಾರೋ ಫೋಟೊಕ್ಕೆ ಕರೆದರು. ಅವಳು ಕೊನೆಯ ಬಸ್ಸು ತಪ್ಪುತ್ತದೆ ಎಂದು ಹೊರಟಳು.

ಬಾಪೂಸಾಹೇಬರು ಕಾಗದಗಳ ನಕಲನ್ನು ಮುಂಬಯಿಗೆ ಒಯ್ದದ್ದು ನಿಜ. ಕೊಟ್ಟದ್ದೂ ನಿಜವಿರಬೇಕು. ಮೂರು ತಿಂಗಳ ಮೇಲೆ ಉತ್ತರ ಬಂತು. ಚೌಕಶಿ ಮುಗಿದಿದೆ, ಸಾವು ಸಹಜ ಕಾರಣದಿಂದ ಆಗಿದೆ, ಪ್ರಕರಣ ಮುಚ್ಚಿದೆ. ಅದನ್ನು ಓದಿ ಹೇಳಲು ನಾನೇ ಕೊರೋಚಿಗೆ ಹೋದೆ. ಎರಡೂ ಬದಿಯ ಶೆಡ್ಡುಗಳಲ್ಲಿ ಮಗ್ಗಗಳ ಸದ್ದು, ಒಂದೊಂದು ಸಾಲನ್ನೂ ಕೂಗಿ ಹೇಳಬೇಕಾಯಿತು. ಅಕ್ಕಪಕ್ಕದವರೆಲ್ಲ ಕೇಳಿಸಿಕೊಂಡರು. ಲಗಮವ್ವ ಅಳಲಿಲ್ಲ. ಬೀರಪ್ಪನ ಕಾಗದಗಳೆಲ್ಲ ತನಗೆ ಬೇಕು ಎಂದಳು. ಇಚಲಕರಂಜಿಯ ಮಗ್ಗದ ಕೆಲಸಗಾರರು ಕೊಲ್ಹಾಪುರದ ಒಬ್ಬ ಎಳೆಯ ವಕೀಲನನ್ನು ಗೊತ್ತುಮಾಡಿದ್ದರು. ಮರುದಿನ ನನ್ನ ಆಫೀಸಿಗೆ ಬಂದು ಗಂಟು ಕಟ್ಟಿ ಒಯ್ದಳು. ವಕೀಲರ, ಬರತೇನ್ರಿ ಎಂದು ಹೇಳಿ ಹೋದಳು. ಅವಳ ಬಾಯಿಂದ ವಕೀಲರ ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಎಳೆಯ ವಕೀಲ ಎರಡು ವರ್ಷ ಓಡಾಡಿದ. ಕಡೆಗೆ ಆದದ್ದು ಇಷ್ಟು: ಒಬ್ಬ ಹವಾಲ್ದಾರನನ್ನು ಬೇರೆ ಊರಿಗೆ ಬದಲಿ ಮಾಡಿದರು. ಲಗಮವ್ವ ಈಗ ಅದೇ ಇಚಲಕರಂಜಿಯಲ್ಲಿ ನೂಲು ಸುತ್ತುವ ಕೆಲಸ ಮಾಡುತ್ತಾಳೆ. ಮೇಲಿನ ಕೋರ್ಟಿಗೆ ಹೋಗುವ ಮಾತು ನಡೆದಿದೆಯಂತೆ. ನನಗೆ ಸರಕಾರಿ ವಕೀಲರ ನೇಮಕ ಬಂತು. ಬೇಡ ಎನ್ನಲಿಲ್ಲ.

ಕಳೆದ ತಿಂಗಳು ಬಾಪೂಸಾಹೇಬರ ಪತ್ರ ಬಂದಿದೆ. ಈ ಸಲ ಕೂಟ ಬ್ಯಾಂಕಾಕಿನಲ್ಲಿ. ವಿಷಯ ಅದೇ, ಪ್ರಜೆಗಳ ಹಕ್ಕು ಮತ್ತು ಸರಕಾರಗಳ ಹೊಣೆ. ಎಲ್ಲ ದೇಶಗಳಿಂದಲೂ ತಿಳಿವಳಿಕೆಯ ಜನ ಬರುತ್ತಾರೆ, ನಮ್ಮ ತಂಡಕ್ಕೆ ನಿಮ್ಮಂಥವರೇ ಬೇಕು ಎಂದು ಬರೆದಿದ್ದಾರೆ. ಅವರು ಬರೆದದ್ದು ಸರಿ. ನನ್ನಂಥವರೇ ಬೇಕು.

ಹೋಗುವ ಮನಸ್ಸಾಗಲಿಲ್ಲ. ಏಕೆ ಎಂದು ಅವರಿಗೆ ಬರೆಯಲು ಕೂತೆ, ಎರಡು ಹಾಳೆ ಹರಿದೆ. ಮೂರನೆಯ ಹಾಳೆಯಲ್ಲಿ, ಮೈಯಲ್ಲಿ ಆರಾಮಿಲ್ಲ, ಕ್ಷಮಿಸಬೇಕು ಎಂದು ಬರೆದು ಟಪಾಲಿಗೆ ಹಾಕಿದೆ.